ತಲೆ ಲೆಕ್ಕ ಸರಿಯಾಗಿಯೇ ಇತ್ತು

ನನ್ನ ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಮುಂದಿನ ಗಾಜಿನವರೆಗೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ತಲೆಗಳು ತಾವಾಗಿಯೇ ಎಣಿಸಿಕೊಂಡು ನನ್ನ ಕಿವಿಯಲ್ಲಿ ಬಂದು ಹೇಳಿಹೋಗುತ್ತಿದ್ದವು. ಸೀಟಿನಡಿ ಅಡಗಿದವನ ತಲೆ, ತಾಯಿಯ ಮಡಿಲಲ್ಲಿ ಮುಚ್ಚಿಟ್ಟ ಹಾಫ್ ಟಿಕೆಟ್ಟಿನ ತಲೆ, ಯಾವುದೂ ತಪ್ಪುತ್ತಿರಲಿಲ್ಲ. ಒಮ್ಮೆ ಒಬ್ಬ ತುಂಬು ಬಸುರಿ ಹತ್ತಿದಾಗ ನಾನು ಒಂದು ತಲೆ ಹೆಚ್ಚಿಗೆ ಎಣಿಸಿಕೊಂಡಿದ್ದೆ. ಆಮೇಲೆ ಆಕೆಗೆ ಅವಳಿ ಮಕ್ಕಳಾದವೆಂದು ಕೇಳಿ, ಒಂದು ಬಿಟ್ಟೆನಲ್ಲ ಎಂದು ವಾರವಿಡೀ ನನಗೆ ಅನ್ನ ಸೇರಲಿಲ್ಲ. ಚೆಕಿಂಗ್ ಇನ್‌ಸ್ಪೆಕ್ಟರುಗಳು ನನ್ನ ಬಸ್ಸು ಹತ್ತುತ್ತಿದ್ದದ್ದು ತಪಾಸಣೆಗಲ್ಲ, ಕಾಲು ನೀಡಿ ಸ್ವಲ್ಪ ಕೂರಲಿಕ್ಕೆ.

ಇದನ್ನೆಲ್ಲ ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಇಂಥ ನನ್ನ ಕೈಯಿಂದ, ನನ್ನವೇ ಎರಡು ಮಕ್ಕಳು, ಅದೂ ಪರದೇಶದ ನಡುಬೀದಿಯಲ್ಲಿ ತಪ್ಪಿಹೋದವೆಂದು ನನ್ನ ಹೆಂಡತಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳಲ್ಲ, ಅದಕ್ಕೆ ಹೇಳುತ್ತಿದ್ದೇನೆ. ತಪ್ಪಿಹೋಗಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಒಂದನ್ನು ಹತ್ತು ಮಾಡುವ ಪೈಕಿ ನಾನಲ್ಲ.

ಆಗ ಮಗಳಿಗೆ ಮುಂದಿನ ಹಲ್ಲು ಬಿದ್ದ ವಯಸ್ಸು. ಮಗ ಇನ್ನೂ ಚಪ್ಪಲಿ ಅದಲುಬದಲು ಹಾಕಿಕೊಳ್ಳುತ್ತಿದ್ದ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ; ಮೆಟ್ಟಿಲಿಳಿದರೆ ನೇರ ರಸ್ತೆ. ಇವರಿಬ್ಬರು ಒಮ್ಮೆ ಹೊಸಿಲು ದಾಟಿದರೆಂದರೆ ಬಿಂದಿಗೆಯಿಂದ ನೀರು ಚೆಲ್ಲಿದ ಹಾಗೆ ಮೆಟ್ಟಿಲ ಮೇಲೆ ಹರಿದುಹೋಗುತ್ತಿದ್ದರು. ಹೆಂಡತಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಆಗ ನಾನು ನನ್ನ ವೃತ್ತಿಯ ವಿದ್ಯೆಯನ್ನು ಮನೆಗೆ ತಂದೆ. ನನ್ನ ಹತ್ತಿರ ಡ್ಯೂಟಿಯ ಹಿತ್ತಾಳೆ ಸೀಟಿ ಇತ್ತು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಅಷ್ಟೇ ನಮ್ಮ ಮನೆಯ ಸಂವಿಧಾನ. ಒಂದು ಸೀಟಿ ಬಿತ್ತೆಂದರೆ ಎತ್ತಿದ ಕಾಲು ಎತ್ತಿದಲ್ಲೇ, ಬಾಯಿಗೆ ಹೊರಟ ತುತ್ತು ದಾರಿಯಲ್ಲೇ. ಎರಡು ಸೀಟಿ ಬೀಳುವವರೆಗೆ ಆಕಾಶ ಕಳಚಿ ಬಿದ್ದರೂ ಅಲುಗುವಂತಿಲ್ಲ.

ಮಕ್ಕಳಿಗೆ ಇದೊಂದು ಆಟ. ಎಷ್ಟು ಪಳಗಿದರೆಂದರೆ ಅವರನ್ನು ನೋಡಿ ನೋಡಿ ಇಡೀ ಕಟ್ಟಡವೇ ಪಳಗಿಹೋಯಿತು. ನಾನು ಒಂದು ಸೀಟಿ ಊದಿದರೆ ಹಾಲಿನವನು ಮೆಟ್ಟಿಲ ನಡುವೆ ನಿಂತುಬಿಡುತ್ತಿದ್ದ. ಬೀದಿನಾಯಿ ಬೆಕ್ಕನ್ನು ಅಟ್ಟುವುದು ಬಿಟ್ಟು ನಿಲ್ಲುತ್ತಿತ್ತು, ಬೆಕ್ಕೂ ನ್ಯಾಯವಾಗಿ ನಿಲ್ಲುತ್ತಿತ್ತು. ಮೇಲಿನ ಮನೆಯಲ್ಲಿ ಒಬ್ಬ ಟೈಪಿಸ್ಟ್ ಅಕ್ಕ ಇದ್ದರು, ವಕೀಲರ ಕೆಲಸ ಮನೆಗೆ ತಂದು ಟೈಪು ಮಾಡುವವರು. ಅವರು ಒಂದು ದಿನ ಕೆಳಗಿಳಿದು ಬಂದು, ಸಿಟ್ಟಿಲ್ಲದ ದನಿಯಲ್ಲೇ, "ನೋಡಿ, ನೀವು ಎರಡನೇ ಸಲ ಊದೋಕೆ ಮರೆತ್ರೆ ನನ್ನ ಬೆರಳು ಅಕ್ಷರದ ಮೇಲೇ ನಿಂತುಬಿಡುತ್ತೆ. ಅರ್ಧ ವಾಕ್ಯಕ್ಕೆ ಒಬ್ಬರ ವಿಚ್ಛೇದನ ನಿಂತಿದೆ," ಎಂದರು.

ಮರೆತದ್ದು ಒಂದೇ ಸಲ. ಎರಡು ಡ್ಯೂಟಿ ಒಟ್ಟಿಗೆ ಮಾಡಿ ಬಂದ ಮಧ್ಯಾಹ್ನ ಮಕ್ಕಳ ಗಲಾಟೆಗೆ ಒಂದು ಸೀಟಿ ಊದಿ ಹಾಗೇ ಕುರ್ಚಿಯಲ್ಲಿ ನಿದ್ದೆ ಹೋದೆ. ಎದ್ದು ನೋಡಿದರೆ ಮಗಳು ಒಂದು ಕೈ ಮೇಲೆತ್ತಿಕೊಂಡು ನಿಂತೇ ಇದ್ದಾಳೆ. ಮಗ ಚಡ್ಡಿ ಒದ್ದೆ ಮಾಡಿಕೊಂಡಿದ್ದಾನೆ, ಜಾಗ ಬಿಟ್ಟಿಲ್ಲ. ಇಂಥ ಶಿಸ್ತು ಸೈನ್ಯದಲ್ಲೂ ಇಲ್ಲ ಎಂದು ನನ್ನ ಕಣ್ಣು ತುಂಬಿತು. ಸಂತೆಯಿಂದ ಬಂದ ಹೆಂಡತಿಯ ಕಣ್ಣೂ ತುಂಬಿತು, ಆದರೆ ಕಾರಣ ಬೇರೆ.

"ಮಕ್ಕಳೇನ್ರೀ ಇವು, ಬಸ್ಸಾ?" ಎಂದಳು. ಆ ಪ್ರಶ್ನೆಯನ್ನು ಮುಂದೆ ಆಗಾಗ ಕೇಳುತ್ತಲೇ ಇದ್ದಳು.

ಆಕೆಯ ಅಣ್ಣ ಪರದೇಶದ ಒಂದು ದೊಡ್ಡ ಪಟ್ಟಣದಲ್ಲಿ ಲಿಫ್ಟ್ ಮೆಕ್ಯಾನಿಕ್. ಮಗನಿಗೆ ಫುಲ್ ಟಿಕೆಟ್ ಆಗುವ ವಯಸ್ಸು ಬರುವ ಮೊದಲು ಒಮ್ಮೆ ಬಂದು ನಾಲ್ಕು ದಿನ ಇದ್ದುಹೋಗಿ ಎಂದು ಕರೆದ. ವೃತ್ತಿಯಲ್ಲಿರುವವನಿಗೆ ಇದಕ್ಕಿಂತ ಒಪ್ಪುವ ಮಾತು ಇನ್ನೊಂದಿಲ್ಲ. ರಜೆ ಕೇಳಲು ಡಿಪೋ ಮ್ಯಾನೇಜರ ಮುಂದೆ ನಿಂತಾಗ, ಭಾವನ ಮನೆಗೆ ಹೋಗುತ್ತೇನೆಂದರೆ ಕೊಡುವುದಿಲ್ಲವೆಂದು ಗೊತ್ತಿದ್ದರಿಂದ, ಆ ಪಟ್ಟಣದ ಟ್ರಾಂ ವ್ಯವಸ್ಥೆ ಸ್ವಲ್ಪ ಹದಗೆಟ್ಟಿದೆಯೆಂದೂ ಅವರು ನನ್ನ ಸಲಹೆಗೆ ಕಾದಿದ್ದಾರೆಂದೂ ಹೇಳಿದೆ. ಮ್ಯಾನೇಜರು ಎದ್ದು ನಿಂತು ಕೈ ಕುಲುಕಿದರು. ಸಾಯಂಕಾಲದೊಳಗೆ ಡಿಪೋದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ನನಗೊಂದು ಅಭಿನಂದನೆ ಬಿತ್ತು.

ಹೆಂಡತಿ ಹೊರಡುವ ಮೊದಲು ಒಂದೇ ಒಂದು ಷರತ್ತು ಹಾಕಿದಳು. ಸೀಟಿ ಮನೆಯಲ್ಲೇ ಇರಬೇಕು. ಅಲ್ಲಿ ಬಂದು ಊದಿದರೆ, ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದು ಮಕ್ಕಳನ್ನು ಕರೆದುಕೊಂಡು ಆಚೆ ಪಕ್ಕ ಹೋಗಿ ನಿಲ್ಲುತ್ತೇನೆ ಎಂದಳು. ನಾನು ಒಪ್ಪಿದೆ. ಒಪ್ಪಿ, ಸೀಟಿಯನ್ನು ಕಾಲುಚೀಲದೊಳಗೆ ಇಟ್ಟುಕೊಂಡೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಬಾಗಿಲು ನನ್ನನ್ನು ಕಂಡು ಕಿರುಚಿಕೊಂಡಿತು. ಕಾವಲಿನವನು ಕಾಲುಚೀಲ ಬಿಚ್ಚಿಸಿದ. ಹಿತ್ತಾಳೆಯ ವಸ್ತುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದೇನು ಎಂದು ತಿಳಿಯಲು ಬಾಯಿಗಿಟ್ಟು ಒಂದು ಸಲ ಊದಿದ. ಮುಂದೆ ಓಡುತ್ತಿದ್ದ ನನ್ನ ಎರಡೂ ಮಕ್ಕಳು ನಿಂತರು. ಸರಿಯಾಗಿ ಬಾಗಿಲ ನಡುವೆ, ಒಂದೊಂದು ಕಾಲ ಮೇಲೆ. ಹಿಂದಿನ ಸಾಲು ನಿಂತಿತು, ಅದರ ಹಿಂದಿನದೂ ನಿಂತಿತು. ಕಾವಲಿನವನು ಮಕ್ಕಳನ್ನು ಸರಿಸಲು ನೋಡಿದ. ಮಗಳು ಕಣ್ಣು ಕೂಡ ಮಿಟುಕಿಸಲಿಲ್ಲ. ಅವನ ಮೇಲಿನವರು ಬಂದರು, ಅವರ ಮೇಲಿನವರೂ ಬಂದರು. ನಾನು ಒಂದು ಕಾಲಲ್ಲಿ ಕಾಲುಚೀಲ ಇಲ್ಲದೆ ನಿಂತುಕೊಂಡೇ ಗಂಭೀರವಾಗಿ, "ಸಾರ್, ಇನ್ನೂ ಎರಡು ಊದಬೇಕು. ಇಲ್ಲಾಂದ್ರೆ ವಿಮಾನ ಹೋದ್ರೂ ಇವು ಹೋಗಲ್ಲ," ಎಂದೆ. ಎಲ್ಲರಿಗಿಂತ ದೊಡ್ಡ ಅಧಿಕಾರಿ ಟೋಪಿ ಸರಿಮಾಡಿಕೊಂಡು ಎರಡು ಸಲ ಊದಿದ. ಮಕ್ಕಳು ಹೊರಟರು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅವತ್ತು ನಾಲ್ಕು ವಿಮಾನ ತಡವಾಗಿ ಹಾರಿದವೆಂದು ಹೇಳುತ್ತಾರೆ, ಐದೂ ಇರಬಹುದು.

ಹೆಂಡತಿ ಅಧಿಕಾರಿಯ ಕೈಯಿಂದ ಸೀಟಿ ಇಸಿದುಕೊಂಡು, ತನ್ನ ಕೈಚೀಲದ ಒಳಜೇಬಿಗೆ ಹಾಕಿ, ಜಿಪ್ಪು ಎಳೆದಳು. ಆ ಜಿಪ್ಪಿನ ಸದ್ದು ವಿಮಾನದ ಸದ್ದಿಗಿಂತ ಜೋರಾಗಿ ಕೇಳಿಸಿತು.

ಭಾವನ ಮನೆ ಕಟ್ಟಡದ ಕೊನೆಯ ಮಹಡಿಯಲ್ಲಿ. ಅಡುಗೆಮನೆಯ ನಡುವೆ ನಿಂತು ಕೈ ಚಾಚಿದರೆ ನಾಲ್ಕೂ ಗೋಡೆ ಸಿಗುತ್ತಿದ್ದವು. ಸೋಫಾ ಎಳೆದರೆ ಮಂಚವಾಗುತ್ತಿತ್ತು. ನಾವು ನಾಲ್ವರೂ ಅದರ ಮೇಲೆ ಅಡ್ಡಡ್ಡ ಮಲಗುತ್ತಿದ್ದೆವು. ಬೆಳಿಗ್ಗೆ ಕೆಳಗಿನ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಲಿಫ್ಟ್ ಹತ್ತಿ ಮೇಲೆ ಬರುತ್ತಿತ್ತು. ಮಕ್ಕಳು ಕಿಟಕಿಯ ಗಾಜಿಗೆ ಮೂಗು ಒತ್ತಿ ಕೆಳಗೆ ಹೋಗುವ ಟ್ರಾಂಗಳನ್ನು ನೋಡುತ್ತಿದ್ದರು. ಗಾಜಿನ ಮೇಲೆ ಎರಡು ಉಸಿರಿನ ಗುರುತು, ಒಂದು ಮೇಲೆ, ಒಂದು ಕೆಳಗೆ. ಎಷ್ಟೋ ಊರು ಎಷ್ಟೋ ಗೋಪುರ ನೋಡಿದ್ದೇನೆ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ, ಆದರೆ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಗಾಜು.

ಎರಡನೆಯ ದಿನ ಭಾವನಿಗೆ ಕೆಲಸವಿತ್ತು, ಎಲ್ಲೋ ಒಂದು ಲಿಫ್ಟು ಯಾರನ್ನೋ ಹಿಡಿದಿಟ್ಟುಕೊಂಡಿತ್ತು. ಹೋಗುವ ಮೊದಲು ಮಕ್ಕಳ ತಲೆಗೆ ಎರಡು ಹಳದಿ ಟೋಪಿ ಹಾಕಿ, "ಭಾವ, ಜನ ಜಾಸ್ತಿ ಇರ್ತಾರೆ. ಇದಿದ್ರೆ ದೂರದಿಂದಲೇ ಕಾಣುತ್ತೆ. ಇಲ್ಲಿನ ಮಕ್ಕಳೆಲ್ಲ ಹಾಕೋದು ಇದೇ," ಎಂದ. ಆ ಕೊನೆಯ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ. ಇಲ್ಲಿನ ಮಕ್ಕಳೆಲ್ಲ ಹಾಕುವುದು ಅದೇ ಆದಮೇಲೆ ನಮ್ಮವು ದೂರದಿಂದ ಕಾಣುವುದು ಹೇಗೆಂದು ಆ ಮಹಾನುಭಾವ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಡೀ ಪ್ರಕರಣದಲ್ಲಿ ತಪ್ಪು ಅಂತ ಒಂದಿದ್ದರೆ ಅದು ಲಿಫ್ಟ್ ಇಲಾಖೆಯದು.

ಪಟ್ಟಣದ ನಡುವೆ ಕಲ್ಲು ಹಾಸಿದ ದೊಡ್ಡ ಚೌಕ. ಅಲ್ಲೊಂದು ಗಡಿಯಾರದ ಗೋಪುರ. ಗಂಟೆ ಹೊಡೆಯುವಾಗ ಅದರ ಬಾಗಿಲು ತೆರೆದು ತಗಡಿನ ಹುಂಜವೊಂದು ಹೊರಬಂದು ರೆಕ್ಕೆ ಬಡಿಯುತ್ತದೆ. ಅದನ್ನು ನೋಡಲು ಲೋಕವೇ ಅಲ್ಲಿ ನೆರೆದಿರುತ್ತದೆ. ಹೆಂಡತಿಗೆ ಎದುರಿನ ಅಂಗಡಿಯಲ್ಲಿ ಪರದೆಯ ಬಟ್ಟೆ ಕಂಡಿತು. ನಮ್ಮ ಕಿಟಕಿಗೆ ಒಪ್ಪುವ ಬಣ್ಣ, ಮುಟ್ಟಿ ನೋಡಿ ಬಂದುಬಿಡುತ್ತೇನೆ ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಇರೋದು ಎರಡೇ ಮಕ್ಕಳು. ಎಣಿಸೋಕೆ ಬರುತ್ತಲ್ಲ?" ಎಂದು ಕೇಳಿದಳು.

ನನ್ನನ್ನು. ಎಣಿಸಲು ಬರುತ್ತದೆಯೇ ಎಂದು.

ನಾನು ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಹಿಡಿದುಕೊಂಡು ನಿಂತೆ. ಹುಂಜ ಹೊರಬಂತು. ಅದೇ ಹೊತ್ತಿಗೆ ಚೌಕದ ಅಂಚಿನಲ್ಲಿ ಒಂದು ಟ್ರಾಂ ಬಂದು ನಿಂತಿತು. ನೋಡುತ್ತೇನೆ, ಕಂಡಕ್ಟರ್ ಇಲ್ಲ. ಜನ ತಾವೇ ಇಳಿಯುತ್ತಾರೆ, ತಾವೇ ಹತ್ತುತ್ತಾರೆ, ಬಾಗಿಲು ತಾನೇ ಮುಚ್ಚುತ್ತದೆ. ಹೇಳುವವರಿಲ್ಲ, ಕೇಳುವವರಿಲ್ಲ. ಯಾವನೋ ಒಬ್ಬ ಕೋಟಿನವನು ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದ. ಒಳಗೆ ಸರಿಯಪ್ಪ, ಒಳಗೆ ಸರಿ, ಎಂದು ನಾನು ಇಲ್ಲಿಂದಲೇ ಎರಡೂ ಕೈ ಬೀಸಿದೆ. ಡ್ರೈವರನಿಗೂ ಒಂದು ಸನ್ನೆ ಮಾಡಿದೆ. ಅವನು ಅದನ್ನು ಗೌರವದಿಂದ ಸ್ವೀಕರಿಸಿ ಗಂಟೆ ಬಾರಿಸಿದ.

ಎರಡೂ ಕೈ ಬೀಸಿದೆ ಎಂದೆನಲ್ಲ, ಅಷ್ಟೇ ನಡೆದದ್ದು. ಆಮೇಲೆ ಕಣ್ಣು ಟ್ರಾಂ ಮೇಲಿಟ್ಟುಕೊಂಡೇ ಕೈಗಳನ್ನು ಹಿಂದಕ್ಕೆ ಚಾಚಿದೆ. ಎರಡು ಪುಟ್ಟ ಕೈ ಬಂದು ಸೇರಿದವು. ಬಗ್ಗಿ ನೋಡಿದೆ, ಎರಡು ಹಳದಿ ತಲೆ. ಲೆಕ್ಕ ಸರಿ. ಕಂಡಕ್ಟರ್ ಆದವನು ಮುಖ ನೋಡುತ್ತ ಕೂತರೆ ಮುಂದಿನ ಸ್ಟಾಪು ಬರುತ್ತದೆ. ಮುಖ ನೋಡುವುದು ಪ್ರೇಮಿಗಳ ಕೆಲಸ, ನಮ್ಮದು ತಲೆ. ಒಂದೇ ಒಂದು ಸಣ್ಣ ವ್ಯತ್ಯಾಸ ನನ್ನ ಗಮನಕ್ಕೆ ಬಂದಿತ್ತು. ಮಗಳು ಯಾವಾಗಲೂ ನನ್ನ ಎರಡು ಬೆರಳು ಮಾತ್ರ ಹಿಡಿಯುತ್ತಿದ್ದಳು, ತೋರುಬೆರಳು ಮತ್ತು ನಡುಬೆರಳು. ಅವತ್ತು ಇಡೀ ಅಂಗೈ ಹಿಡಿದಿದ್ದಳು. ಪರಊರು, ಹೆದರಿರಬೇಕು, ಎಂದುಕೊಂಡೆ.

ಆ ಬಾಗಿಲಿನ ವ್ಯವಸ್ಥೆಯನ್ನು ಹತ್ತಿರದಿಂದ ಪರೀಕ್ಷಿಸದಿದ್ದರೆ ಡಿಪೋ ಮ್ಯಾನೇಜರಿಗೆ ನಾನು ಯಾವ ಮುಖ ತೋರಿಸಲಿ? ಮುಂದಿನ ಟ್ರಾಂ ಹತ್ತಿ ಒಂದು ಸ್ಟಾಪು ಹೋಗಿ, ಅಲ್ಲಿ ಇಳಿದು ಎದುರಿನ ಟ್ರಾಂ ಹತ್ತಿ ವಾಪಸು ಬಂದೆವು. ಮಕ್ಕಳು ಏನು ಒಳ್ಳೆಯವರಾಗಿದ್ದರು ಅಂತೀರಿ. ಕಿಟಕಿಗೆ ಜಗಳವಿಲ್ಲ, ನೀರು ಬೇಕೆಂಬ ಹಟವಿಲ್ಲ. ನಾನು ಟ್ರಾಂ ಬಗ್ಗೆ ಉದ್ದಕ್ಕೂ ವಿವರಿಸಿದೆ. ಒಂದು ಸಲವೂ ಅಡ್ಡ ಬಾಯಿ ಹಾಕದೆ ಕೇಳಿದರು. ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದವರು ಅವರಿಬ್ಬರೇ. ಪರದೇಶದ ಗಾಳಿಗೆ ಎಂಥ ಗುಣ ಎಂದು ಬೆರಗಾದೆ.

ಹೆಂಡತಿ ಗೋಪುರದ ಕೆಳಗೆ ಕಾಯುತ್ತಿದ್ದಳು. ನಾನು ದೂರದಿಂದಲೇ ಎರಡೂ ಕೈ ಎತ್ತಿ, ಎರಡೂ ಮಕ್ಕಳ ಕೈ ಸಮೇತ, ತೋರಿಸಿದೆ. ಆಕೆ ನಕ್ಕಳು. ಹತ್ತಿರ ಬಂದಂತೆ ನಗು ಕಡಿಮೆಯಾಯಿತು.

"ಇವು ಯಾರ ಮಕ್ಕಳು?" ಎಂದಳು.

"ಯಾರವು ಅಂದ್ರೆ? ನಮ್ಮವು," ಎಂದೆ. ಆಗಲೂ ನೋಡಿರಲಿಲ್ಲ.

ಆಕೆ ಬಗ್ಗಿ ಎರಡೂ ಟೋಪಿ ಎತ್ತಿದಳು. ಒಂದರ ಕೆಳಗೆ ಕೆಂಪು ಕೂದಲ ಹುಡುಗ, ಮೂಗು ಸೋರುತ್ತಿದೆ. ಇನ್ನೊಂದರ ಕೆಳಗೆ ಮುಖದ ತುಂಬ ಚುಕ್ಕೆಯಿದ್ದ ಹುಡುಗಿ. ಇಬ್ಬರೂ ನಮ್ಮನ್ನು ಶಾಂತವಾಗಿ ನೋಡಿದರು. ಹುಡುಗಿ ನಕ್ಕಳು, ಮುಂದಿನ ಹಲ್ಲಿರಲಿಲ್ಲ. ಹಲ್ಲೇನೋ ಸರಿಯಾದ ಜಾಗದಲ್ಲೇ ಬಿದ್ದಿದೆಯಲ್ಲ ಎಂದು ನಾನು ಹೇಳಿದ್ದು ನನ್ನ ಪರವಾಗಿ ಇದ್ದ ಒಂದೇ ಸಾಕ್ಷಿಯಾದ್ದರಿಂದ. ಆ ಮಾತು ಆಡಬಾರದಿತ್ತು ಎಂದು ಆಕೆಯ ಮುಖ ನೋಡಿದ ಕೂಡಲೇ ಗೊತ್ತಾಯಿತು.

ಆಕೆ ಕಿರುಚಲಿಲ್ಲ, ಅಳಲಿಲ್ಲ. ಆ ಅಷ್ಟು ದೊಡ್ಡ ಚೌಕವನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು. ಭಾಷೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ, ಮಗನಿಗೆ ತನ್ನ ಹೆಸರು ಕೇಳಿದರೆ ನಾಚಿಕೊಂಡು ಕುರ್ಚಿಯ ಹಿಂದೆ ಹೋಗುವ ವಯಸ್ಸು. ನನ್ನ ಕಾಲ ಕೆಳಗಿನ ಕಲ್ಲು ಟ್ರಾಂ ಹಾಗೆ ಚಲಿಸಿತು.

ಪೊಲೀಸನನ್ನು ಹುಡುಕಿದೆವು, ಸಿಕ್ಕಿದ. ಎತ್ತರದ ಆಳು, ಮೀಸೆ ಮುಖಕ್ಕಿಂತ ಅಗಲ. ನಾನು ಸನ್ನೆಯಲ್ಲಿ ವಿವರಿಸಿದೆ: ಸೊಂಟದೆತ್ತರ ಒಂದು ಮಗು, ಮಂಡಿಯೆತ್ತರ ಒಂದು ಮಗು, ಹಳದಿ ಟೋಪಿ, ಕಾಣುತ್ತಿಲ್ಲ. ಅವನು ನನ್ನ ಎರಡೂ ಕೈ ನೋಡಿದ. ಸೊಂಟದೆತ್ತರ ಒಂದು, ಮಂಡಿಯೆತ್ತರ ಒಂದು, ಹಳದಿ ಟೋಪಿ. ಬೆರಳು ಮಡಿಸಿ ಎಣಿಸಿ, ಸರಿಯಾಗಿಯೇ ಇದೆಯಲ್ಲ ಎಂದು ನನ್ನ ಬೆನ್ನು ತಟ್ಟಿದ. ಹೂ ಮಾರುವವಳು ಬಂದಳು, ಅವಳೂ ಎಣಿಸಿದಳು. ವಾಕಿಂಗ್ ಬಂದಿದ್ದ ಮುದುಕ ಮುದುಕಿ ಎಣಿಸಿದರು. ಟ್ರಾಂ ಡ್ರೈವರ್ ಇಳಿದು ಬಂದು ಎಣಿಸಿದ. ಚೌಕದಲ್ಲಿದ್ದ ಪ್ರತಿಯೊಬ್ಬರೂ ಎಣಿಸಿ, ಎರಡಿವೆ, ಲೆಕ್ಕ ಸರಿಯಿದೆ, ಎಂದು ಅವರವರ ಭಾಷೆಯಲ್ಲಿ ನನಗೆ ಸಮಾಧಾನ ಹೇಳಿದರು. ಹೂವಿನವಳು ಹುಡುಗಿಗೊಂದು ಹೂವನ್ನೂ ಕೊಟ್ಟಳು. ಲೆಕ್ಕ ಸರಿಯಿದ್ದೂ ಮನುಷ್ಯನಿಗೆ ಇಷ್ಟು ಕಷ್ಟ ಬರುವುದುಂಟೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಈ ನಡುವೆ ಕೆಂಪು ಕೂದಲವನಿಗೆ ಹಸಿವಾಗಿ ನನ್ನ ಹೆಂಡತಿಯ ಶಾಲಿನ ತುದಿ ಹಿಡಿದುಕೊಂಡ. ಆಕೆ ಅವನ ಮೂಗು ಒರೆಸಿದಳು. ಒರೆಸುತ್ತ ಒರೆಸುತ್ತ ಅಳು ಬಂತು. ಆ ಅಳು ನೋಡಿ ಪೊಲೀಸನಿಗೆ ಅರ್ಥವಾಯಿತು. ನನ್ನ ಸನ್ನೆಗಳೆಲ್ಲ ಹೇಳಲಾರದ್ದನ್ನು ಅದು ಹೇಳಿತು ಎಂದರೆ ನನ್ನ ಸನ್ನೆಯಲ್ಲಿ ದೋಷವಿತ್ತೆಂದಲ್ಲ; ಮೀಸೆಯವರು ಸ್ವಲ್ಪ ನಿಧಾನ. ಹಳದಿ ಟೋಪಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಏನೋ ಹೊಳೆದವನಂತೆ ನಮ್ಮೆಲ್ಲರನ್ನೂ ತನ್ನ ವ್ಯಾನಿಗೆ ಹತ್ತಿಸಿಕೊಂಡ. ಹತ್ತುವಾಗ ಒಬ್ಬೊಬ್ಬರ ತಲೆ ಎಣಿಸಿದ. ನಾನು ನೋಡದವನ ಹಾಗೆ ಕೂತೆ.

ಏನು ನಡೆದಿತ್ತೆಂದು ಆಮೇಲೆ ಮಗಳ ಬಾಯಿಂದಲೇ ತಿಳಿಯಿತು. ಆ ಊರಿನಲ್ಲಿ ಶಿಶುವಿಹಾರದ ಮಕ್ಕಳನ್ನು ಬೀದಿಗೆ ಕರೆದೊಯ್ಯುವ ಪದ್ಧತಿಯೇ ಬೇರೆ. ಒಂದು ಉದ್ದನೆಯ ಹಗ್ಗ, ಅದಕ್ಕೆ ಅಲ್ಲಲ್ಲಿ ಬಳೆಯಂಥ ಹಿಡಿ. ಒಂದೊಂದು ಹಿಡಿಗೆ ಒಂದೊಂದು ಮಗು. ಎಲ್ಲರಿಗೂ ಹಳದಿ ಟೋಪಿ. ಮುಂದೆ ಒಬ್ಬ ಮೇಡಂ. ಆ ಸಾಲು ಹುಂಜ ನೋಡಲು ನಮ್ಮ ಹಿಂದೆಯೇ ನಿಂತಿತ್ತು. ನಾನು ಕೈ ಬೀಸಲು ಕೈ ಬಿಟ್ಟೆ. ಅಲ್ಲಿ ಇಬ್ಬರು ಹುಂಜಕ್ಕೆ ಚಪ್ಪಾಳೆ ತಟ್ಟಲು ಹಗ್ಗ ಬಿಟ್ಟರು. ನನ್ನ ಮಗಳು ಕಂಡಕ್ಟರನ ಮಗಳು. ಸಾಲು ಕಂಡಳು, ಸಾಲಿನಲ್ಲಿ ಎರಡು ಜಾಗ ಖಾಲಿ ಕಂಡಳು. ಖಾಲಿ ಸೀಟು ಬಿಟ್ಟು ಬಸ್ಸು ಹೊರಡುವುದನ್ನು ಅವಳ ರಕ್ತ ಒಪ್ಪಲಿಲ್ಲ. ತಮ್ಮನನ್ನು ಒಂದು ಹಿಡಿಗೆ ನಿಲ್ಲಿಸಿ ತಾನೊಂದು ಹಿಡಿದಳು. ಆ ಮೇಡಂ ತಿರುಗಿ ನೋಡಿ ತಲೆ ಎಣಿಸಿದರು. ಸರಿಯಿತ್ತು. ಹೊರಟರು. ಅವರೂ ನಮ್ಮ ಕಸುಬಿನವರೇ, ಮುಖ ನೋಡುವವರಲ್ಲ.

ವ್ಯಾನು ನದಿಯ ದಂಡೆಯ ಉದ್ಯಾನದಲ್ಲಿ ನಿಂತಿತು. ಇಳಿದು ನೋಡಿದೆ, ಎದೆ ಒಡೆಯಿತು. ಅವತ್ತು ಬಿಸಿಲು ಚೆನ್ನಾಗಿದೆಯೆಂದು ಪಟ್ಟಣದ ಎಲ್ಲ ಶಿಶುವಿಹಾರಗಳೂ ಅಲ್ಲಿಗೇ ಬಂದಿದ್ದವು. ಸೂರ್ಯಕಾಂತಿಯ ಹೊಲಕ್ಕೆ ಕಾಲು ಬಂದು ಓಡಾಡುತ್ತಿರುವ ಹಾಗೆ, ಕಣ್ಣು ಹಾಯಿಸಿದಷ್ಟೂ ಹಳದಿ ಟೋಪಿ. ಜಾರುಬಂಡೆಯ ಮೇಲೆ ಹಳದಿ, ಮರಳಿನಲ್ಲಿ ಹಳದಿ, ಪೊದೆಯೊಳಗೂ ಹಳದಿ. ಸಾವಿರವಾದರೂ ಇದ್ದವು. ಜೀವನದಲ್ಲಿ ಮೊದಲ ಸಲ ನನ್ನ ಕಿವಿಯಲ್ಲಿ ಯಾವ ಲೆಕ್ಕವೂ ಬಂದು ಹೇಳಲಿಲ್ಲ.

ಪೊಲೀಸ ಹತ್ತಿರ ಸಿಕ್ಕಿದವರ ಟೋಪಿ ಎತ್ತಿ ನೋಡತೊಡಗಿದ. ಒಂದಿಷ್ಟು ಮಕ್ಕಳು ಅದೊಂದು ಆಟವೆಂದುಕೊಂಡು ಮತ್ತೆ ಮತ್ತೆ ಬಂದು ಅವನ ಮುಂದೆ ನಿಂತವು. ಕೆಲವು ಅವನ ಟೋಪಿಯನ್ನೇ ಎತ್ತಿದವು. ನಾನು ಪುಟ್ಟಿ, ಪುಟ್ಟ ಎಂದು ಕೂಗಿದೆ. ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಊರಿನ ಹೆಸರು ಕೂಗುತ್ತಿದ್ದ ಗಂಟಲು ಅದು. ಆ ಗದ್ದಲದಲ್ಲಿ ಸೊಳ್ಳೆಯ ಹಾಗೆ ಕೇಳಿಸಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸೋಣ, ನಾನು ಒಂದು ತುದಿಯಿಂದ ಬರುತ್ತೇನೆ ಎಂದು ಯೋಜನೆ ಹೇಳುತ್ತಿದ್ದೆ. ಆಗ ನನ್ನ ಹಿಂದೆ ಒಂದು ಸದ್ದಾಯಿತು. ಜಿಪ್ಪಿನ ಸದ್ದು.

ಹೆಂಡತಿಯ ಕೈಯಲ್ಲಿ ಸೀಟಿ ಇತ್ತು.

ಆಕೆ ಅದನ್ನು ಯಾವತ್ತೂ ಬಾಯಿಗಿಟ್ಟವಳಲ್ಲ. ಮೊದಲ ಸಲ ಬರೀ ಉಗುಳು ಬಂತು. ನಾನು ಇಲ್ಲಿ ಕೊಡು ಎಂದು ಕೈ ಚಾಚಿದೆ, ಆಕೆ ಕೊಡಲಿಲ್ಲ. ಉಸಿರು ತುಂಬಿಕೊಂಡು, ಕಣ್ಣು ಮುಚ್ಚಿಕೊಂಡು, ಎರಡನೆಯ ಸಲ ಊದಿದಳು. ನಾನು ಅಷ್ಟು ವರ್ಷ ಊದಿದ್ದೇನೆ, ಅಂಥ ಸೀಟಿ ನನ್ನ ಬಾಯಿಂದ ಬಂದಿಲ್ಲ. ಇದನ್ನು ಮಾತ್ರ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಹಳದಿ ಟೋಪಿಗಳು ಓಡುತ್ತಲೇ ಇದ್ದವು. ಕೂಗು, ನಗು, ಮರಳು, ಎಲ್ಲ ಹಾಗೇ ಇತ್ತು. ಅದರ ನಡುವೆ ಎರಡು ನಿಂತಿದ್ದವು.

ಒಂದು ಜಾರುಬಂಡೆಯ ಮೇಲೆ. ಅರ್ಧ ಜಾರಿದವನು ಅರ್ಧದಲ್ಲೇ ಹಿಮ್ಮಡಿ ಊರಿ ನಿಂತುಬಿಟ್ಟಿದ್ದ. ಅವನ ಬೆನ್ನಿಗೆ ಒಬ್ಬ, ಅವನ ಬೆನ್ನಿಗೆ ಇನ್ನೊಬ್ಬ, ಹೀಗೆ ಮೇಲಿನ ಮೆಟ್ಟಿಲವರೆಗೆ ಮಕ್ಕಳು ಪೇರಿಸಿಕೊಂಡು ಗಲಾಟೆ ಮಾಡುತ್ತಿದ್ದವು. ಅವನು ಅಲುಗಲಿಲ್ಲ. ಚಪ್ಪಲಿ ಅದಲುಬದಲಾಗಿತ್ತು. ಇನ್ನೊಬ್ಬಳು ಮರದ ಕೆಳಗೆ ಯಾರೋ ಕೊಟ್ಟ ಬ್ರೆಡ್ಡನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಒಂದು ಕಾಲೆತ್ತಿಕೊಂಡು, ಕಲ್ಲಿನಲ್ಲಿ ಕೆತ್ತಿದ ಹಾಗೆ.

ಹೆಂಡತಿ ಓಡಿದಳು. ಹೋಗಿ ಮಗನನ್ನು ಜಾರುಬಂಡೆಯಿಂದ ಎತ್ತಿಕೊಂಡಳು; ಎತ್ತಿಕೊಂಡಾಗಲೂ ಅವನು ಕಾಲು ಮಡಿಸಿದ ಹಾಗೇ ಗಟ್ಟಿಯಾಗಿದ್ದ. ಅವನನ್ನು ಹಾಗೇ ಹೊತ್ತು ಬಂದು ಮಗಳನ್ನು ತಬ್ಬಿಕೊಂಡಳು. ಮಗಳು ತುಟಿ ಅಲುಗಿಸದೆ, ನೇರ ಮುಂದೆ ನೋಡುತ್ತಲೇ, "ಅಮ್ಮಾ, ಇನ್ನೂ ಎರಡು ಊದಬೇಕು," ಎಂದು ಪಿಸುಗುಟ್ಟಿದಳು.

ಆಕೆಗೆ ಊದಲಾಗಲಿಲ್ಲ. ಸೀಟಿಯನ್ನು ನನ್ನ ಕಡೆ ಚಾಚಿದಳು. ನಾನು ಎರಡು ಊದಿದೆ. ಊದುವಾಗ ನನ್ನ ಗಂಟಲಿಗೆ ಏನೋ ಧೂಳು ಹೋಗಿ ಎರಡನೆಯದು ಸ್ವಲ್ಪ ನಡುಗಿತು. ಆ ಉದ್ಯಾನದಲ್ಲಿ ಮರಳು ಜಾಸ್ತಿ.

ಶಿಶುವಿಹಾರದ ಮೇಡಂ ಓಡಿಬಂದರು. ಪೊಲೀಸ ವಿಷಯ ಹೇಳಿದ. ಅವರು ನಂಬಲಿಲ್ಲ, ನಮ್ಮಿಬ್ಬರನ್ನೂ ಸೇರಿಸಿ ತಮ್ಮ ಸಾಲನ್ನು ಎಣಿಸಿ ತೋರಿಸಿ, ಸರಿಯಿದೆ ಎಂದರು. ಆಮೇಲೆ ನನ್ನ ಎರಡೂ ಕೈ ಹಿಡಿದು ನಿಂತಿದ್ದ ತಮ್ಮ ಮಕ್ಕಳನ್ನು ನೋಡಿ ಬೆಂಚಿನ ಮೇಲೆ ಕುಸಿದು ಕೂತರು. ನಾನು ಪಕ್ಕದಲ್ಲಿ ಕೂತೆ. ಒಂದೇ ಕಸುಬಿನ ಇಬ್ಬರು ಅಷ್ಟು ಹೊತ್ತು ಮಾತಿಲ್ಲದೆ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡದ್ದು ಲೋಕದಲ್ಲಿ ಇಲ್ಲ. ಕೆಂಪು ಕೂದಲವನು ಹೆಂಡತಿಯ ಶಾಲು ಬಿಡಲು ಒಪ್ಪದೆ ಅತ್ತ. ಅವನನ್ನು ಬಿಡಿಸಿ ಹಗ್ಗಕ್ಕೆ ಸೇರಿಸುವ ಹೊತ್ತಿಗೆ ಆಕೆಯ ಕಣ್ಣೂ ಮತ್ತೊಮ್ಮೆ ಒದ್ದೆ. ಆಮೇಲೆ ಪೊಲೀಸ ನಮ್ಮನ್ನು ಭಾವನ ಮನೆಯವರೆಗೆ ವ್ಯಾನಿನಲ್ಲೇ ಬಿಟ್ಟ.

ಆದ್ದರಿಂದ ಊರಿಗೆ ಬಂದು ನಾನು ಡಿಪೋದಲ್ಲಿ ಹೇಳಿದ ಒಂದೊಂದು ಮಾತೂ ನಿಜ. ಅಲ್ಲಿ ನನ್ನನ್ನು ಪೊಲೀಸ್ ವಾಹನದಲ್ಲಿ ಕರೆದೊಯ್ದರು. ಟ್ರಾಂ ಡ್ರೈವರ್ ತಾನೇ ಇಳಿದು ಬಂದು ನನ್ನನ್ನು ಕಂಡ. ಶಿಕ್ಷಣ ಇಲಾಖೆಯವರ ಜೊತೆಗೂ ಉದ್ಯಾನದಲ್ಲಿ ಒಂದು ಸಭೆಯಾಯಿತು. ಮ್ಯಾನೇಜರು ಮತ್ತೆ ಎದ್ದು ನಿಂತು ಕೈ ಕುಲುಕಿದರು. ಆದರೆ ಹೆಂಡತಿ ಅಷ್ಟರಲ್ಲಿ ಮೇಲಿನ ಮನೆಗೆ ಹೋಗಿ ಬಂದಿದ್ದಳು. ಟೈಪಿಸ್ಟ್ ಅಕ್ಕ ಮೆಟ್ಟಿಲಿಳಿದು ಬಂದು, ಪ್ರಯಾಣ ಹೇಗಿತ್ತು ಎಂದು ಕೇಳದೆ, ಎರಡೂ ಮಕ್ಕಳ ಗದ್ದ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಹೋದವೇ ವಾಪಸ್ ಬಂದವಾ?" ಎಂದರು. ನಮ್ಮ ಅತ್ತೆ ಅಂತೂ ಬದುಕಿರುವವರೆಗೆ ಪ್ರತಿ ಸಲ ಮನೆಗೆ ಬಂದಾಗ ಮೊಮ್ಮಕ್ಕಳ ಮುಖ ಒಮ್ಮೆ ಪರೀಕ್ಷಿಸಿಯೇ ಚೀಲ ಕೆಳಗಿಡುತ್ತಿದ್ದರು.

ಸೀಟಿ ಮಾತ್ರ ನನಗೆ ವಾಪಸು ಸಿಗಲಿಲ್ಲ. ಡಿಪೋದಿಂದ ಬೇರೊಂದು ತೆಗೆದುಕೊಂಡೆ. ಆ ಹಿತ್ತಾಳೆಯದು ಆಕೆಯ ಕೈಚೀಲದಲ್ಲೇ ಉಳಿಯಿತು. ಕೈಚೀಲಗಳು ಹರಿದವು, ಬದಲಾದವು. ಸೀಟಿ ಒಂದರಿಂದ ಒಂದಕ್ಕೆ ದಾಟಿಕೊಂಡು ಬಂತು. ಮಕ್ಕಳು ದೊಡ್ಡವರಾದರು. ಟೋಪಿಗಳು ಮಗಳ ಗೊಂಬೆಗಳಿಗೆ ಹೋದವು, ಆಮೇಲೆ ಎಲ್ಲಿಗೋ ಹೋದವು.

ಮೊನ್ನೆ ಅದೇ ಪಟ್ಟಣಕ್ಕೆ ಒಂದು ವಾರ ಹೋಗಿಬರುತ್ತೇವೆಂದು ಮಗ, ಮಗಳು, ಅವರವರ ಸಂಸಾರ ಸಮೇತ ಹೊರಟರು. ಇವರೂ ನಮ್ಮ ಊರಲ್ಲೇ ಇರುವವರು, ವಾರಕ್ಕೆರಡು ಸಲ ಬಂದು ನನ್ನ ಫ್ರಿಜ್ಜು ಖಾಲಿ ಮಾಡುವವರು. ನಮ್ಮನ್ನೂ ಕರೆದರು, ನನ್ನ ಮಂಡಿ ಕಲ್ಲು ಹಾಸಿನ ಚೌಕಕ್ಕೆ ಒಪ್ಪುವ ಸ್ಥಿತಿಯಲ್ಲಿಲ್ಲ. ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆವು. ಮಗಳ ಕಡೆಯಿಂದ ಒಂದು ಮಗು, ಮಗನ ಕಡೆಯಿಂದ ಒಂದು, ಒಟ್ಟು ಎರಡು ಪುಟ್ಟ ತಲೆ. ನಾನು ದಾರಿಯುದ್ದಕ್ಕೂ ಟ್ರಾಂ ಬಗ್ಗೆ, ಹುಂಜದ ಬಗ್ಗೆ, ಹಗ್ಗದ ಬಗ್ಗೆ ಬುದ್ಧಿ ಹೇಳಿದೆ.

"ಎಣಿಸೋದು ಮುಖ್ಯ ಅಲ್ಲ ಕಣಮ್ಮ, ಮುಖ ನೋಡಬೇಕು," ಎಂದೆ ಮಗಳಿಗೆ.

"ಗೊತ್ತಪ್ಪ. ಅದನ್ನ ನೀವು ಹೇಳಿಕೊಡಬೇಕಾ?" ಎಂದು ನಕ್ಕಳು. ಹೊರಡುವಾಗ ನನ್ನ ಕೈ ಹಿಡಿದಳು. ಎರಡು ಬೆರಳು, ತೋರುಬೆರಳು ಮತ್ತು ನಡುಬೆರಳು. ಆಮೇಲೆ ಬಿಟ್ಟಳು.

ಟಿಕೆಟ್ ಇದ್ದವರಿಗೆ ಮಾತ್ರ ಎಂದು ಬರೆದ ಬಾಗಿಲ ಕಡೆ ಅವರೆಲ್ಲ ಗಾಡಿ ತಳ್ಳಿಕೊಂಡು ಹೋದರು. ಮಗನಿಗೆ ಈಗ ನನ್ನದಕ್ಕಿಂತ ದೊಡ್ಡ ಹೊಟ್ಟೆ. ಹೋಗುತ್ತ ಹೋಗುತ್ತಲೇ ಫೋನಿನಲ್ಲಿ ತನ್ನ ಆಫೀಸಿನ ಯಾರನ್ನೋ ಗದರಿಸುತ್ತಿದ್ದ. ಮಗಳು ಪಾಸ್‌ಪೋರ್ಟುಗಳನ್ನು ಎಣಿಸುತ್ತಿದ್ದಳು. ಇಬ್ಬರೂ ತಿರುಗಿ ನೋಡಲಿಲ್ಲ. ಒಂದು ವಾರದ ಪ್ರಯಾಣ, ಯಾಕೆ ನೋಡಬೇಕು? ನಾನೂ ಹಾಗೇ ಅಂದುಕೊಂಡು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಜಿಪ್ಪಿನ ಸದ್ದಾಯಿತು.

ಆಕೆ ಒಂದೇ ಒಂದು ಊದಿದಳು.

ಅಷ್ಟು ದೊಡ್ಡ ನಿಲ್ದಾಣದಲ್ಲಿ ಇಬ್ಬರು ನಿಂತರು. ಮಗನ ಒಂದು ಕಾಲು ಗಾಳಿಯಲ್ಲಿ, ಬಾಯಿ ತೆರೆದದ್ದು ತೆರೆದ ಹಾಗೇ. ಫೋನಿನ ಆಚೆಯಿಂದ ಹಲೋ ಹಲೋ ಎನ್ನುವುದು ನಮ್ಮವರೆಗೆ ಕೇಳಿಸುತ್ತಿತ್ತು. ಮಗಳ ಬೆರಳು ಎರಡನೆಯ ಪಾಸ್‌ಪೋರ್ಟಿನ ಮೇಲೆ. ಸೊಸೆ, ಅಳಿಯ ಬೆರಗಾಗಿ ಇವರ ಮುಖ ನೋಡಿದರು. ಮೊಮ್ಮಕ್ಕಳು ಕೈ ಹಿಡಿದು ಜಗ್ಗಿದರು. ಬಾಗಿಲ ಕಾವಲಿನವನು ಏನಾಯಿತೆಂದು ಎದ್ದು ನಿಂತ. ಹಿಂದಿನ ಸಾಲು ನಿಂತಿತು, ಅದರ ಹಿಂದಿನದೂ ನಿಂತಿತು.

ವಿಮಾನಕ್ಕೆ ತಡವಾಗುತ್ತದೆಂದು ನಾನು ಸೀಟಿಗೆ ಕೈ ಚಾಚಿದೆ. ಹೆಂಡತಿ ಮುಷ್ಟಿ ಮುಚ್ಚಿಕೊಂಡಳು.

"ಇರಿ, ಏನವಸರ," ಎಂದಳು. "ನಿಂತಿರಲಿ ಸ್ವಲ್ಪ ಹೊತ್ತು."